ಜಾಕೀಟು ನುಂಗಿದ ಉಸಿರು

ಮೈಮೇಲೆ ದೇವರು ಬರುತ್ತದೆ ಎನ್ನುವವರನ್ನು ಕಂಡರೆ ನಾನು ಎದ್ದು ಹೋಗುವವಳು. ನಮ್ಮ ಓಣಿಯಲ್ಲಿ ಯಾರಿಗಾದರೂ ದೆವ್ವದ ಸೋಂಕಾಯಿತು ಎಂದು ನಿಂಬೆಹಣ್ಣು ಇಳಿಸುತ್ತಿದ್ದರೆ, "ಮೊದಲ ದವಾಖಾನಿಗೆ ಕರಕೊಂಡು ಹೋಗ್ರಿ, ಲಿಂಬಿಹಣ್ಣ ಆಮ್ಯಾಲ ಪಾನಕಾ ಮಾಡಿ ಕುಡಿಸ್ರಿ" ಎಂದು ಬೈದಿದ್ದೇನೆ. ನನ್ನ ಗಂಡ ತೀರಿಕೊಂಡಾಗ, ಕನಸಿನಲ್ಲಿ ಬಂದನೇನು ಎಂದು ಹೆಂಗಸರು ಕೇಳಿದರು. ಇದ್ದಾಗಲೇ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿರಲಿಲ್ಲ, ಈಗ ಬರುತ್ತಾನೆಯೇ ಎಂದೆ. ಅದಕ್ಕೆ ನನಗೆ ಕಲ್ಲೆದೆಯವಳು ಎಂದು ಹೆಸರಾಯಿತು. ಆಗಲಿ.

ಅಂಥವಳು ಇದನ್ನು ಬರೆಸುತ್ತಿದ್ದೇನೆ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಚಂದ ಮಾಡಿ ಹೇಳಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ನೀವು ನಂಬಬೇಕೆಂದು ಕೇಳುವುದಿಲ್ಲ, ನನಗೇ ಇನ್ನೂ ಅದು ಬಗೆಹರಿದಿಲ್ಲ.

ನಮ್ಮದು ತಿರ್ಲಾಪುರದ ಬಾಜು ಒಂದು ಹಳ್ಳಿ. ಕರಿ ನೆಲ. ಬೋರು ಹಾಕಿದರೆ ಸವಳು ನೀರು ಬರುತ್ತದೆ, ಬಾಯಿಗೆ ಇಡಲು ಬರುವುದಿಲ್ಲ. ಆದ್ದರಿಂದ ನಮಗೆಲ್ಲ ಕೆರೆಯ ನೀರೇ ಗತಿ. ಕಾಲುವೆಯಿಂದ ಬಂದ ನೀರನ್ನು ಕೆರೆಗೆ ತುಂಬಿಸಿಕೊಂಡು ವರ್ಷವಿಡೀ ಕುಡಿಯುತ್ತೇವೆ. ಆ ಕೆರೆಗೆ ಯಾರೂ ಕಾಲಿಡುವುದಿಲ್ಲ. ಏರಿಯ ಕೆಳಗೇ ಚಪ್ಪಲಿ ಬಿಟ್ಟು ಹೋಗಬೇಕು. ದನ ಬಿಡುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಕೈ ಕೂಡ ಒಳಗೆ ತೊಳೆಯುವಂತಿಲ್ಲ. ಇದನ್ನು ಯಾರೂ ಬರೆದು ಹಾಕಿಲ್ಲ. ಹುಟ್ಟಿದವರಿಗೆಲ್ಲ ಗೊತ್ತು.

ನನ್ನ ಮಗ ಬಸವರಾಜ ನೀರಿನೊಳಗೆ ಇಳಿಯುವ ಕೆಲಸದವನು. ಹರೆಯದಲ್ಲಿ ಮುರ್ಡೇಶ್ವರದ ಕಡೆ ಹೋಗಿ, ಸಮುದ್ರ ನೋಡಲು ಬಂದವರನ್ನು ಕೆಳಗೆ ಇಳಿಸಿ ತೋರಿಸುವ ದೋಣಿಯವರ ಕೈಕೆಳಗೆ ದುಡಿದ. ಅಲ್ಲೇ ಕಲಿತ. ಮದುವೆಯಾದ ಮೇಲೆ ಹಳೆಯ ಸಾಮಾನು ಕೊಂಡುಕೊಂಡು ಊರಿಗೆ ಬಂದ. ಬಾವಿಗೆ ಬಿದ್ದ ಮೋಟಾರು ತೆಗೆಯಲು, ಕಾಲುವೆಯ ಗೇಟಿಗೆ ಸಿಕ್ಕ ಕಸ ಬಿಡಿಸಲು ಸುತ್ತಲಿನ ಊರವರು ಅವನನ್ನು ಕರೆಯುತ್ತಾರೆ. ಕಾಲುವೆಯಲ್ಲಿ ಯಾರಾದರೂ ಮುಳುಗಿದರೆ ಪೊಲೀಸರೂ ಕರೆಯುತ್ತಾರೆ. ಆಗ ಅವನು ಎತ್ತಿಕೊಡುವುದು ಹೆಣವನ್ನೇ.

ಅವನ ಸಾಮಾನಿನಲ್ಲಿ ಮುಖ್ಯವಾದದ್ದು ಜಾಕೀಟು. ತೋಳಿಲ್ಲದ ಅಂಗಿಯಂತಿರುತ್ತದೆ. ಒಳಗೆ ಗಾಳಿ ನಿಲ್ಲುವ ರಬ್ಬರಿನ ಚೀಲ, ಬೆನ್ನಿಗೆ ಸಿಲಿಂಡರು ಕಟ್ಟುವ ಪಟ್ಟಿ. ಎಡಗಡೆ ಹೆಗಲಿನಿಂದ ಸೊಂಡಿಲಿನ ಹಾಗೆ ಒಂದು ನಳಿಗೆ ಇಳಿದಿರುತ್ತದೆ. ಅದರ ತುದಿಯಲ್ಲಿ ಎರಡು ಗುಂಡಿ. ಒಂದನ್ನು ಒತ್ತಿದರೆ ಸಿಲಿಂಡರಿನ ಗಾಳಿ ಜಾಕೀಟಿನೊಳಗೆ ಬಂದು ಮನುಷ್ಯ ಮೇಲೇಳುತ್ತಾನೆ. ಇನ್ನೊಂದನ್ನು ಒತ್ತಿದರೆ ಗಾಳಿ ಹೊರಗೆ ಹೋಗಿ ಕೆಳಗಿಳಿಯುತ್ತಾನೆ. ಸಿಲಿಂಡರಿನ ಗಾಳಿ ಬರದೇ ಹೋದರೆ ಈ ಎರಡನೆಯ ಗುಂಡಿಯನ್ನು ಒತ್ತಿ ಹಿಡಿದು, ನಳಿಗೆಯ ಬಾಯಿಗೆ ಬಾಯಿ ಇಟ್ಟು ಊದಬೇಕು. ಗುಂಡಿ ಬಿಟ್ಟರೆ ಊದಿದ ಉಸಿರು ಒಳಗೇ ನಿಲ್ಲುತ್ತದೆ.

ಇದನ್ನು ತೊಳೆದು ಇಡುವ ಕೆಲಸ ನನ್ನದು. ಸೊಸೆ ರೇಣುಕಾ ಮುಟ್ಟುವುದಿಲ್ಲ. ಮೇಲೆ ತೊಳೆದರೆ ಸಾಲದು, ಒಳಗೂ ತೊಳೆಯಬೇಕು. ನಳಿಗೆಯಿಂದ ನೀರು ಹಾಕಿ, ಸ್ವಲ್ಪ ಊದಿ, ಕೂಸನ್ನು ತೂಗಿದ ಹಾಗೆ ಅತ್ತಿತ್ತ ಅಲುಗಿಸಿ, ತಲೆಕೆಳಗು ಮಾಡಿ ಕೊನೆಯ ಹನಿಯವರೆಗೂ ಬಸಿಯಬೇಕು. ಆಮೇಲೆ ಅರ್ಧ ಊದಿ ನೆರಳಿಗೆ ತೂಗುಹಾಕಬೇಕು. ಬಿಸಿಲಿಗೆ ಹಾಕಿದರೆ ಹರಿಯುತ್ತದೆ, ಮಡಚಿಟ್ಟರೆ ಒಳಗಿನ ರಬ್ಬರು ಒಂದಕ್ಕೊಂದು ಅಂಟುತ್ತದೆ. ಮರುದಿನ ಮುಂಜಾನೆ ಅದು ಸೊರಗಿದ್ದರೆ ಎಲ್ಲೋ ತೂತಿದೆ ಎಂದು ಅರ್ಥ. ಸವಳು ನೀರು ಇದಕ್ಕೆ ಆಗಿಬರುವುದಿಲ್ಲ. ಗುಂಡಿಯಲ್ಲಿ ಉಪ್ಪು ಕೂತು ಒತ್ತಿದ್ದು ಒತ್ತಿದಂತೆಯೇ ಉಳಿಯುತ್ತದೆ. ಹೀಗಾಗಿ ಕುಡಿಯುವ ನೀರಿನಲ್ಲೇ ತೊಳೆಯಬೇಕು. ನಮ್ಮ ಮನೆಯ ಜಗಳವೆಲ್ಲ ಅದರದೇ.

"ಕುಡ್ಯಾಕ ಹೊತ್ತು ತಂದ ನೀರಾಗ ಹೆಣದ ಅಂಗಿ ತೊಳೀತೀರಲ್ರೀ ಅತ್ತಿ!" ಎಂದು ರೇಣುಕಾ ಕೊಡ ಎಳೆದುಕೊಳ್ಳುವಳು.

"ನಿನ್ನ ಗಂಡ ಹೆಣಾ ಆಗಬಾರದಂತ ತೊಳ್ಯಾಕತ್ತೇನಿ. ಬಿಡಬೇ ಕೊಡಾ" ಎನ್ನುವೆ ನಾನು. ಅವಳು ಬಿಡುವಳು. ಕೆಟ್ಟವಳಲ್ಲ. ನೀರು ಹೊತ್ತು ಅವಳ ನಡು ಬಿದ್ದಿತ್ತು, ಅಷ್ಟೇ.

ಆಗ ಮನೆಯಲ್ಲಿ ಎರಡು ಜಾಕೀಟು ಇದ್ದವು. ಕಪ್ಪಗಿನದು ಹೊಸದು, ದಿನವೂ ಬಳಸುತ್ತಿದ್ದದ್ದು. ಕೇಸರಿ ಬಣ್ಣದ್ದು ಸಮುದ್ರದ ಕಡೆಯಿಂದ ತಂದ ಹಳೆಯದು. ಸಿಲಿಂಡರಿನಿಂದ ಅದರ ಸೊಂಡಿಲಿಗೆ ಬರುವ ಸಣ್ಣ ಪೈಪಿನ ಮೂತಿ ಸವೆದು ಸಡಿಲಾಗಿತ್ತು. ಜಗ್ಗಿದರೆ ಕಳಚಿಕೊಳ್ಳುವುದು. ಬಸವರಾಜ ಅದನ್ನು ಬಿಟ್ಟೇಬಿಟ್ಟಿದ್ದ. ಆದರೂ ನಾನು ಅದನ್ನೂ ತೊಳೆದು ಊದಿ ಇಡುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಊರಿನ ನಳಗಳು ನಿಂತವು. ಕೆರೆಯಲ್ಲಿ ನೀರಿತ್ತು, ಆದರೆ ತಳದಲ್ಲಿ ಮೋಟಾರು ನೀರೆಳೆಯುವ ಪೈಪಿನ ಬಾಯಿಗೆ ಒಂದು ಕಬ್ಬಿಣದ ಜಾಳಿಗೆ ಇದೆ, ಅದಕ್ಕೆ ಪಾಚಿಯೂ ಹರಕು ತಾಡಪತ್ರಿಯೂ ಮೆತ್ತಿಕೊಂಡು ನೀರು ಬರದಂತಾಗಿತ್ತು. ಟ್ಯಾಂಕರಿನ ನೀರಿಗೆ ಹೆಂಗಸರು ಕೂದಲು ಹಿಡಿದು ಜಗಳಾಡಿದರು. ಕೊನೆಗೆ ಹಿರಿಯರು ಸೇರಿ ಬಸವರಾಜನನ್ನು ಕರೆಸಿದರು. ನಾನೂ ಹಿಂದೆ ಹೋದೆ.

ಅದರ ಹಿಂದಿನ ವಾರವಷ್ಟೇ ಕಪ್ಪು ಜಾಕೀಟು ಹಾಕಿಕೊಂಡು ಕಾಲುವೆಯಿಂದ ಒಬ್ಬನ ಹೆಣ ಎತ್ತಿದ್ದ. ಇದು ಊರಿಗೆಲ್ಲ ಗೊತ್ತಿತ್ತು. ನಿಂಗಪ್ಪಕಾಕಾ ಎಂದು ನಮ್ಮೂರಿನ ಹಿರಿಯರು, ಕೆರೆಯ ಕಾರುಬಾರು ಅವರದೇ. ಅವರು ಮೊದಲು ಆ ಮಾತನ್ನೇ ತೆಗೆದರು.

"ಹೆಣಾ ಎತ್ತಿದ ಜಾಕೀಟು ಕುಡ್ಯೂ ನೀರಾಗ ಹಾಕ್ತೀಯೇನೋ ಬಸ್ಯಾ?"

"ತೊಳದೈತ್ರೀ ಕಾಕಾ. ಒಳಗೂ ಹೊರಗೂ ತೊಳದೈತಿ."

"ತೊಳದ್ರ ಹೋಗೂ ಮೈಲಿಗಿ ಏನಪಾ ಅದು? ನಾಳೆ ಊರಾಗ ಒಬ್ರಿಗೆ ಜ್ವರ ಬಂದ್ರೂ ನಿನ್ನ ಹೆಸರ ಹೇಳ್ತಾರ. ಇನ್ನೊಂದ ಐತೆಲ್ಲ, ಕೇಸರೀದು? ಅದು ಹೆಣಾ ಮುಟ್ಟಿಲ್ಲಲಾ?"

ನಾನು ಸುಮ್ಮನಿರಲಿಲ್ಲ. "ಅದರ ಪೈಪ ಸಡಲ ಐತ್ರಿ. ಮೈಲಿಗಿ ಇಲ್ಲದ್ದ ಬೇಕಂದ್ರ ನೀವ ಧೋತ್ರಾ ಕಟ್ಟಿಕೊಂಡು ಇಳೀರಿ" ಎಂದೆ. ಕೆಲವರು ನಕ್ಕರು. ನಿಂಗಪ್ಪಕಾಕಾ ನಗಲಿಲ್ಲ. ಅವರಿಗೆ ಸಿಟ್ಟಿರಲಿಲ್ಲ, ಊರೆಲ್ಲ ಕುಡಿಯುವ ನೀರು ಅವರ ತಲೆಯ ಮೇಲಿತ್ತು.

ಬಸವರಾಜ ನನ್ನನ್ನು ಈಚೆ ಕರೆದ. "ಯವ್ವಾ, ಸಣ್ಣ ಕೆಲಸ. ಜಾಳಿಗಿ ಬಿಡಿಸಿ ಬರ್ತೇನಿ. ಸಮುದ್ರ ಅಲ್ಲ ಇದು, ಕೆರಿ" ಎಂದ. ಹೀಗೆ ಹೆಣ ಮುಟ್ಟಿಲ್ಲ ಎಂಬ ಒಂದೇ ಗುಣಕ್ಕೆ ಆ ಹಳೆಯ ಜಾಕೀಟು ಕೆರೆಗೆ ಇಳಿಯುವುದು ಠರಾವಾಯಿತು.

ಸಂಜೆ ಅದನ್ನು ಊದಿ ನೋಡಿದೆ. ಸೋರಲಿಲ್ಲ. ಪೈಪಿನ ಮೂತಿಗೆ ಬಸವರಾಜ ರಬ್ಬರಿನ ಪಟ್ಟಿ ಸುತ್ತಿ ಬಿಗಿದ. ಆ ರಾತ್ರಿ ನನಗೆ ದವಡೆಹಲ್ಲಿನ ನೋವು ಎದ್ದಿತು. ಮುಂಜಾನೆ ಎದ್ದು ಹಲ್ಲಿನಲ್ಲಿ ಲವಂಗ ಕಚ್ಚಿಕೊಂಡೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಕೆರೆಗೆ ಹೆಂಗಸರು ಬರುವುದು ಬೇಡ ಎಂದರು. ನಾನು ಮನೆಯಲ್ಲೇ ಉಳಿದೆ. ಹಗ್ಗ ಹಿಡಿಯಲು ಮೆಹಬೂಬ ಹೋಗಿದ್ದ. ಅವನು ಮೋಟಾರು ರಿಪೇರಿ ಮಾಡುವವನು, ಬಸವರಾಜ ಎಲ್ಲಿ ಇಳಿದರೂ ದಡದಲ್ಲಿ ಹಗ್ಗ ಅವನ ಕೈಯಲ್ಲೇ. ಮುಂಜಾನೆಯಿಂದ ಕರೆಂಟು ಇರಲಿಲ್ಲ. ಮೋಟಾರು ಬಂದ್ ಇದೆಯೇ ಎಂದು ಬಸವರಾಜ ಕೇಳಿದ್ದಕ್ಕೆ, ಕರೆಂಟೇ ಇಲ್ಲ, ಸಂಜೆಯವರೆಗೆ ಬರುವುದೂ ಇಲ್ಲ ಎಂದು ಅಲ್ಲಿದ್ದವರೆಲ್ಲ ಹೇಳಿದರಂತೆ. ಹಳ್ಳಿಯ ಮೋಟಾರುಗಳ ಸಂಗತಿ ನಿಮಗೆ ಗೊತ್ತಿರಬಹುದು. ಕರೆಂಟು ಬಂದೊಡನೆ ತಾನೇ ಶುರುವಾಗಲಿ ಎಂದು ಆಟೋ ಸ್ಟಾರ್ಟರು ಕೂಡಿಸಿರುತ್ತಾರೆ. ಆವತ್ತು ಅದನ್ನು ತೆಗೆದಿಡಲು ಯಾರಿಗೂ ಹೊಳೆಯಲಿಲ್ಲ.

ಮನೆಯಲ್ಲಿ ನಾನು ಕಪ್ಪು ಜಾಕೀಟನ್ನು ತೊಡೆಯ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತೆ. ಕೆಲಸವಿಲ್ಲದೆ ಕೂಡಲು ನನಗೆ ಬರುವುದಿಲ್ಲ. ಒಳಗಿನ ನೀರು ಬಸಿದಿದ್ದೆ, ಇನ್ನು ಊದಿ ತೂಗುಹಾಕುವುದಿತ್ತು. ಊದಿದೆ. ದಿನದಂತೆ ತುಂಬುತ್ತ ಬಂತು. ಪಕ್ಕೆಗಳು ಉಬ್ಬಿದವು. ಸಾಕೆಂದು ಗುಂಡಿ ಬಿಟ್ಟೆ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಹೊಯ್ಯೆಂದು ಶುರುವಾಯಿತು. ಕರೆಂಟು ಬಂತು ಎಂದುಕೊಂಡೆ. ಬೇರೇನೂ ಹೊಳೆಯಲಿಲ್ಲ. ಆಗಲೇ ಜಾಕೀಟು ನನ್ನ ತೊಡೆಯ ಮೇಲೆ ಮೆತ್ತಗಾಯಿತು. ಸುಯ್ ಎನ್ನಲಿಲ್ಲ, ಎಲ್ಲಿಂದಲೂ ಗಾಳಿ ಬಂದದ್ದು ಕೈಗೆ ಹತ್ತಲಿಲ್ಲ. ಉಬ್ಬಿದ್ದು ಇಳಿದು ಹಸಿ ಚರ್ಮದಂತೆ ಕೆಳಗೆ ಬಿತ್ತು.

ತೂತು ಬಿದ್ದಿತೆಂದು ಮತ್ತೆ ಊದಿದೆ. ತುಂಬಲಿಲ್ಲ. ಉಸಿರು ಒಳಗೆ ಹೋಗುತ್ತಿತ್ತು. ತಡೆಯಿಲ್ಲದೆ ಹೋಗುತ್ತಿತ್ತು. ಆದರೆ ಜಾಕೀಟು ಏಳಲಿಲ್ಲ. ನೀರಿನ ಬಕೆಟ್ಟು ಬಾಜುವಿಗೇ ಇತ್ತು. ಅದರಲ್ಲಿ ಜಾಕೀಟನ್ನು ಅದ್ದಿ, ನಳಿಗೆಯೊಂದನ್ನೇ ಮೇಲೆ ಹಿಡಿದು ಊದಿದೆ. ತೂತಿದ್ದರೆ ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ. ನನಗೆ ಸಿಟ್ಟು ಬಂತು. ನಾನು ಮೊಂಡು ಹೆಂಗಸು. ನಳಿಗೆಯಿಂದ ಬಾಯಿ ತೆಗೆಯದೆ ಊದಿದೆ, ಮೂಗಿನಲ್ಲಿ ಎಳೆದುಕೊಂಡು ಬಾಯಿಯಲ್ಲಿ ಬಿಟ್ಟೆ. ಲವಂಗದ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು.

ರೇಣುಕಾ ಒಳಗಿನಿಂದ ಬಂದು ನೋಡಿದಳು. "ಅತ್ತಿ, ಮಾರಿ ಕರ್ರಗಾಗೇತ್ರಿ. ಬಿಡ್ರಿ ಅದನ. ಹರದೈತಿ ಬಿಡ್ರಿ."

ಮಾತಾಡಲು ಬಾಯಿ ತೆಗೆಯಬೇಕಲ್ಲ, ಕೈಯಿಂದಲೇ ಅವಳನ್ನು ದೂಡಿದೆ. ಯಾಕೆ ಬಿಡಲಿಲ್ಲ ಎಂದು ನೀವು ಕೇಳಬಹುದು. ಮಗನ ನೆನಪು ಬಂತು, ಎದೆ ಹೊಡೆದುಕೊಂಡಿತು ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ. ಅಂಥದ್ದೇನೂ ಆಗಲಿಲ್ಲ. ಹಸಿದ ಕೂಸು ಹಾಲು ಎಳೆಯುವಾಗ ತಾಯಿಗೆ ತಿಳಿಯುತ್ತದೆ, ಆಚೆ ಕಡೆಯಿಂದ ಎಳೆತ ಇದೆ ಎಂದು. ಹಾಗೆ ಎಳೆತ ಇತ್ತು. ಅದು ಇರುವಾಗ ಬಿಡಲು ಆಗಲಿಲ್ಲ. ಅಷ್ಟೇ ಗೊತ್ತು.

ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದೆ. ಇನ್ನೊಂದು ಉಸಿರು ಬಿಟ್ಟೆ. ಆ ಒಂದೇ ಉಸಿರಿಗೆ ಜಾಕೀಟು ಟಪ್ಪೆಂದು ತುಂಬಿ ನಿಂತಿತು. ಬಕೆಟ್ಟಿನಿಂದ ಮೇಲೆದ್ದು ನನ್ನ ಗದ್ದಕ್ಕೆ ಬಡಿಯಿತು. ರೇಣುಕಾ ಹಿಂದೆ ಸರಿದಳು. ನಾವಿಬ್ಬರೂ ಅದನ್ನು ನೋಡುತ್ತ ಕೂತಿದ್ದಾಗಲೇ ಕೆರೆಯ ಕಡೆಯಿಂದ ಗಂಡಸರು ಕೂಗುವುದು ಕೇಳಿಸಿತು.

ನಾವು ಓಡಿದೆವು. ಬಸವರಾಜನನ್ನು ಏರಿಯ ಮೇಲೆ ಮಲಗಿಸಿದ್ದರು. ನೀರು ಕಾರಿಕೊಂಡಿದ್ದ, ಮೋರೆಯೆಲ್ಲ ಕೆಸರು. ಕಣ್ಣು ತೆರೆದಿದ್ದ. ರೇಣುಕಾ ಅವನ ಮೇಲೆ ಬಿದ್ದು ಅತ್ತಳು. ನಾನು ಅವನ ಕೈಕಾಲು ಬೆರಳು ಒತ್ತಿ ನೋಡಿದೆ, ಅಲುಗಿಸಿದ. "ಟೆಂಪೋ ತರಸ್ರಿ, ಸುಮ್ಮನ ನಿಂದರಬ್ಯಾಡ್ರಿ" ಎಂದೆ. ನವಲಗುಂದದ ದವಾಖಾನೆಗೆ ಒಯ್ದೆವು. ಉಳಿದುಕೊಂಡ.

ಆಮೇಲೆ ಅವನೂ ಮೆಹಬೂಬನೂ ಹೇಳಿದ್ದು ಇಷ್ಟು. ಜಾಳಿಗೆಯ ಕಸ ಮುಕ್ಕಾಲು ಬಿಡಿಸಿದ್ದ. ಒಮ್ಮೆಲೇ ಮೋಟಾರು ಶುರುವಾಗಿ ಅವನನ್ನು ಜಾಳಿಗೆಗೆ ಎಳೆದು ಅಂಟಿಸಿತು. ಎಡಗೈ ಹಗ್ಗದ ಸುತ್ತಿನೊಳಗೆ ಸಿಕ್ಕಿ ಸರಳಿಗೆ ಬಿಗಿಯಿತು, ಬಲಗೈ ಮೈಯ ಕೆಳಗೆ ಹೋಯಿತು. ಸಿಲಿಂಡರಿನ ಗಾಳಿ ಉಸಿರಾಡುವ ಮೂತಿ ಬಾಯಿಂದ ಕಿತ್ತು ಹೋಯಿತು. ಹಳೆಯ ಜಾಕೀಟಿನ ಆ ಸಡಿಲ ಪೈಪೂ ಕಳಚಿತು. ಮೇಲೆ ಮೆಹಬೂಬ ಹಗ್ಗ ಜಗ್ಗಿದ, ಬರಲಿಲ್ಲ. ಯಾರೋ ಓಡಿಹೋಗಿ ಮೋಟಾರು ಬಂದ್ ಮಾಡಿದರು. ಹಿಡಿತ ಬಿಟ್ಟಿತು, ಕೈಯೂ ಸುತ್ತಿನಿಂದ ಜಾರಿತು, ಆದರೆ ಹಗ್ಗ ಸರಳಿಗೇ ಸಿಕ್ಕು ಉಳಿಯಿತು. ಅಷ್ಟರಲ್ಲಿ ಇವನಿಗೆ ಎಚ್ಚರ ತಪ್ಪುತ್ತಿತ್ತು. ಮುಳುಗಲೆಂದು ನಡುವಿಗೆ ಕಟ್ಟಿದ ಸೀಸದ ಭಾರ ಹಾಗೇ ಇತ್ತು. ತಳದ ಕೆಸರಿನಲ್ಲಿ ಬೋರಲು ಬಿದ್ದಿದ್ದ.

"ಆವಾಗ ಜಾಕೀಟ ತುಂಬಾಕ ಹತ್ತಿತಬೇ ಯವ್ವಾ" ಎಂದ. "ನಾ ಗುಂಡಿ ಒತ್ತಿಲ್ಲ. ಒತ್ತಿದ್ರೂ ಪೈಪ ಇರಲಿಲ್ಲಲಾ. ಸ್ವಲ್ಪ ಸ್ವಲ್ಪ ತುಂಬತು. ಯಾರೋ ಊದಿದಂಗ, ತಡದು ತಡದು. ಆಮ್ಯಾಲ ನನಗೇನೂ ಗೊತ್ತಿಲ್ಲ."

ನಾನು ಮನೆಯಲ್ಲಿ ಆದದ್ದನ್ನು ಅವನಿಗೆ ಆಗ ಹೇಳಿರಲಿಲ್ಲ. ರೇಣುಕಾ ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಬೇಡವೆಂದೆ.

ಅವನು ಅಂಗಾತ ಮೇಲೆ ಬಂದನಂತೆ. ಜಾಕೀಟು ಕಲ್ಲಿನಂತೆ ಬಿಗಿದಿತ್ತಂತೆ. ದಡಕ್ಕೆ ಎಳೆದು, ಅದನ್ನು ಬಿಚ್ಚಲು ಮೊದಲು ಗಾಳಿ ಬಿಟ್ಟವನು ಮೆಹಬೂಬ. ಆವತ್ತೇ ಅವನು ದವಾಖಾನೆಯ ಹೊರಗಿನ ಕಟ್ಟೆಯ ಮೇಲೆ ನನ್ನ ಬಾಜು ಬಂದು ಕೂತ. ಬಾಯಿಗೆ ಎಲೆ ಅಡಿಕೆ ಕೂಡ ಹಾಕದ ಮನುಷ್ಯ ಅವನು.

"ಅಮ್ಮಾರ, ಒಂದ ಮಾತ ಕೇಳ್ತೇನ್ರಿ, ಬೈಬ್ಯಾಡ್ರಿ. ಬಸಣ್ಣ ಹಲ್ಲಿಗೇನರ ಲವಂಗ ಇಟ್ಟಿದ್ನೇನ್ರಿ?"

"ಯಾಕ?"

"ಜಾಕೀಟಿನ ಗಾಳಿ ನನ್ನ ಮಾರಿಗೆ ಬಂತ್ರಿ. ಸಿಲಿಂಡರಿನ ಗಾಳಿಗೆ ವಾಸನಿ ಇರಂಗಿಲ್ಲ. ಇದು ಅಗದಿ ಲವಂಗ ನಾರತಿತ್ತು. ಮತ್ತ ಬೆಚ್ಚಗ ಇತ್ತ್ರಿ."

ನನ್ನ ಬಾಯಲ್ಲಿ ಆ ಲವಂಗ ಇನ್ನೂ ಇತ್ತು. ನಾಲಿಗೆಯಿಂದ ಅದನ್ನು ಸರಿಸಿ ನುಂಗಿಬಿಟ್ಟೆ. "ಇರಬೇಕು" ಎಂದೆ ಅವನಿಗೆ.

ಇದನ್ನು ಬಿಡಿಸಿ ಹೇಳಲು ನಾನು ಕಡಿಮೆ ಯತ್ನ ಮಾಡಿಲ್ಲ. ಬಸವರಾಜನ ಮುರ್ಡೇಶ್ವರದ ಉಸ್ತಾದನಿಗೆ ಫೋನು ಹಚ್ಚಿಸಿ ಕೇಳಿದೆ. ಪ್ರಾಣ ಹೋಗುವ ಹೊತ್ತಿಗೆ ಮನುಷ್ಯ ಏನೇನೋ ಮಾಡುತ್ತಾನೆ, ತಾನೇ ಬಾಯಿಯಿಂದ ಊದಿರುತ್ತಾನೆ, ನೆನಪಿರುವುದಿಲ್ಲ ಎಂದ. ಇರಬಹುದು. ಎದೆಯಲ್ಲಿ ಉಸಿರೇ ಉಳಿಯದವನು ಎಲ್ಲಿಂದ ಊದಿದ ಎಂದು ಕೇಳಿದೆ. ಆ ಮನುಷ್ಯ ಫೋನು ಇಟ್ಟ. ಲವಂಗದ್ದು? ಹಿಂದಿನ ಸಂಜೆ ಆ ಹಳೆಯ ಜಾಕೀಟನ್ನು ನಾನೇ ಊದಿದ್ದೆನಲ್ಲ, ನನ್ನ ಬಾಯಿಯ ವಾಸನೆ ಅದರಲ್ಲಿ ಉಳಿದಿತ್ತು ಎನ್ನಬಹುದು. ಆದರೆ ಹಲ್ಲು ನೋವು ಎದ್ದದ್ದು ಅದಾದ ಮೇಲೆ, ಲವಂಗ ಕಚ್ಚಿದ್ದು ಮರುದಿನ. ಕಪ್ಪು ಜಾಕೀಟನ್ನು ಹುಬ್ಬಳ್ಳಿಯಲ್ಲಿ ರಬ್ಬರಿನ ಕೆಲಸ ಮಾಡುವವನೊಬ್ಬನಿಗೆ ತೋರಿಸಿದೆವು. ಊದಿದ, ಹಿಂಡಿದ, ಒಂದು ದಿನ ಇಟ್ಟು ನೋಡಿದ. ಎಲ್ಲೂ ತೂತಿಲ್ಲ, ಗುಂಡಿಯೂ ನೆಟ್ಟಗಿದೆ ಎಂದು ಹಿಂದಿರುಗಿಸಿದ.

ಬಸವರಾಜ ಮನೆಗೆ ಬಂದ ಮೇಲೆ ನಿಂಗಪ್ಪಕಾಕಾ ಬಂದರು. ಬಾಗಿಲಲ್ಲೇ ನಿಂತರು. ಅವರ ಹಿಂದೆ ಅವರ ಸೊಸೆ ಕೆರೆಯ ನೀರಿನ ಕೊಡ ಹೊತ್ತು ನಿಂತಿದ್ದಳು.

"ಎರಡೂ ಜಾಕೀಟ ಇದರಾಗ ತೊಳೀರೆವ್ವಾ" ಎಂದರು. "ಇನ್ಮ್ಯಾಲ ಯಾವುದು ಗಟ್ಟಿ ಐತಿ ಅದನ್ನ ಹಾಕ್ಕೊಂಡ ಇಳೀಲಿ. ನಾ ನಿಂತ ಇಳಸ್ತೇನಿ."

ನನ್ನ ಬಾಯಿಗೆ ಒಂದು ಮಾತು ಬಂದಿತ್ತು. ಅವರು ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟು ನಿಂತದ್ದು ಕಂಡು ನುಂಗಿಕೊಂಡೆ. ನೀರು ಇಳಿಸಿಕೊಂಡೆ. ಅಷ್ಟರಲ್ಲಿ ಊರ ನಳಗಳಲ್ಲಿ ನೀರೂ ಬಂದಿತ್ತು. ಅವನು ಬಿಡಿಸಿದಷ್ಟು ಕಸ ಹೋದದ್ದೇ ಸಾಕಾಗಿತ್ತು.

ಅವನು ಕೆಲಸ ಬಿಡಲಿಲ್ಲ. ಬಿಡು ಎಂದು ನಾನೂ ಹೇಳಲಿಲ್ಲ. ಹಳೆಯ ಜಾಕೀಟಿಗೆ ಹೊಸ ಪೈಪು ಬಂತು. ಈಗ ಎಲ್ಲಿಗೆ ಹೊರಟರೂ ಮೋಟಾರಿನ ಫ್ಯೂಜನ್ನು ಮೆಹಬೂಬ ಕಿತ್ತು ತನ್ನ ಕಿಸೆಯಲ್ಲಿ ಇಟ್ಟುಕೊಂಡ ಮೇಲೆಯೇ ನೀರಿಗಿಳಿಯುತ್ತಾನೆ. ಒಂದನ್ನು ಅವನು ತೊಟ್ಟು ಹೋದರೆ ಇನ್ನೊಂದು ಮನೆಯಲ್ಲಿ ಉಳಿಯುತ್ತದೆ. ಇಳಿಯುವ ಮೊದಲು ಮೆಹಬೂಬ ರೇಣುಕಾಳ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾನೆ. ಹಾಗೆ ಮಾಡು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಫೋನು ರಿಂಗಾದೊಡನೆ ನಾನು ಹಲ್ಲಿಗೆ ಲವಂಗ ಕಚ್ಚಿಕೊಂಡು, ಉಳಿದ ಜಾಕೀಟನ್ನು ತೊಡೆಯ ಮೇಲೆ ಹಾಕಿಕೊಂಡು ಊದುತ್ತೇನೆ.

ಆವತ್ತಿನಿಂದ ಇಂದಿನವರೆಗೆ ಅದು ಪ್ರತಿ ಸಲವೂ ತುಂಬಿದೆ. ದಿನದಂತೆ ತುಂಬುತ್ತದೆ, ಬಿಗಿಯಾಗಿ ನಿಲ್ಲುತ್ತದೆ. ನಿಂತಿತೆಂದರೆ ಗೂಟಕ್ಕೆ ಹಾಕಿ ರೊಟ್ಟಿ ಬಡಿಯಲು ಹೋಗುತ್ತೇನೆ.

ಮೊನ್ನೆ ರೇಣುಕಾ ತಾನೇ ಕುಡಿಯುವ ನೀರಿನ ಕೊಡ ತಂದು ನನ್ನ ಮುಂದಿಟ್ಟಳು. ನಾನು ಊದುವುದನ್ನು ನೋಡುತ್ತ ನಿಂತಿದ್ದವಳು ಕೇಳಿದಳು.

"ಅತ್ತಿ, ಒಂದ ದಿನ ಮತ್ತ ತುಂಬಲಿಲ್ಲಂದ್ರ ಏನ್ ಮಾಡ್ತೀರಿ?"

"ಊದತೇನಿ" ಎಂದೆ. "ಮತ್ತೇನ್ ಮಾಡ್ಲಿ?"